ಮಿಗ್ ವೆಲ್ಡಿಂಗ್ ಯಂತ್ರ: ಟ್ರಿಗರ್ ಒತ್ತುವ ಮೊದಲು ಮತ್ತು ಒತ್ತಿದ ಮೇಲೆ

ಮಿಗ್ (ಮೆಟಲ್ ಇನರ್ಟ್ ಗ್ಯಾಸ್: ಜಡ ಅನಿಲದ ರಕ್ಷಣೆಯಲ್ಲಿ ವೈರ್ ಕರಗಿಸಿ ಬೆಸೆಯುವ) ವೆಲ್ಡಿಂಗ್ ಕಲಿಯುವುದು ಸುಲಭ ಎಂಬ ಮಾತು ಸುಳ್ಳಲ್ಲ. ರಾಡ್ ವೆಲ್ಡಿಂಗ್‌ನಲ್ಲಿ ಹೊಸಬರ ಕೈ ಸ್ವಲ್ಪ ನಡುಗಿದರೂ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಜ್ವಾಲೆ) ಆರಿಹೋಗುತ್ತದೆ ಅಥವಾ ರಾಡ್ ಜಾಬಿಗೆ (ಬೆಸೆಯಬೇಕಾದ ಲೋಹಕ್ಕೆ) ಅಂಟಿಕೊಳ್ಳುತ್ತದೆ; ಮಿಗ್‌ನಲ್ಲಿ ಟ್ರಿಗರ್ ಒತ್ತಿದೊಡನೆ ವೈರ್ ತಾನಾಗಿ ಹೊರಬರುತ್ತದೆ, ಗ್ಯಾಸ್ ತಾನಾಗಿ ಹರಿಯುತ್ತದೆ, ಆರ್ಕ್ ತಾನಾಗಿ ಹತ್ತಿಕೊಳ್ಳುತ್ತದೆ. ತೊಡಕು ಇರುವುದೂ ಇಲ್ಲಿಯೇ. ಇಷ್ಟನ್ನೆಲ್ಲ ಯಂತ್ರವೇ ಮಾಡಿಬಿಡುವುದರಿಂದ, ಒಳಗೆ ಲೋಹ ಕರಗಿ ಬೆರೆಯದಿದ್ದರೂ ಮೇಲ್ನೋಟಕ್ಕೆ ಅಂದವಾದ ಬೆಸುಗೆ ಮೂಡುತ್ತದೆ, ಮತ್ತು ಯಂತ್ರದ ಯಾವುದೋ ಒಂದು ಭಾಗ ಸವೆಯುತ್ತಿರುವುದು ಕೆಲಸ ನಿಲ್ಲುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ.

"ಮಷಿನ್ ಕೆಟ್ಟಿದೆ" ಎಂಬ ದೂರಿನೊಂದಿಗೆ ನನ್ನ ಮುಂದೆ ಬಂದ ಯಂತ್ರಗಳಲ್ಲಿ ಹೆಚ್ಚಿನವುಗಳ ಪವರ್ ಸೋರ್ಸ್ ಚೆನ್ನಾಗಿಯೇ ಇತ್ತು. ತಪ್ಪು ಇದ್ದದ್ದು ವೈರಿಗೆ ಕರೆಂಟ್ ದಾಟಿಸುವ, ಸವೆದ ಟಿಪ್‌ನಲ್ಲಿ, ವೈರನ್ನು ಸಾಗಿಸುವ ಕೊಳವೆಯಾದ, ಪುಡಿ ತುಂಬಿದ ಲೈನರ್‌ನಲ್ಲಿ, ಸೋರುವ ಹೋಸ್‌ನಲ್ಲಿ, ಬಣ್ಣ ಬಳಿದ ಕಬ್ಬಿಣದ ಮೇಲೆ ಕಚ್ಚಿಸಿದ ಅರ್ಥ್ ಕ್ಲ್ಯಾಂಪ್‌ನಲ್ಲಿ. ಆದ್ದರಿಂದ ಈ ಯಂತ್ರವನ್ನು ಮೂರು ದಾರಿಗಳಾಗಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು: ಕರೆಂಟಿನ ದಾರಿ, ಗ್ಯಾಸಿನ ದಾರಿ ಮತ್ತು ವೈರಿನ ದಾರಿ. ಮೂರೂ ಟಾರ್ಚಿನ (ಟ್ರಿಗರ್ ಇರುವ, ಕೈಯಲ್ಲಿ ಹಿಡಿಯುವ ಭಾಗದ) ತುದಿಯಲ್ಲಿ ಸೇರುತ್ತವೆ. ಸುರಕ್ಷತೆಯಾಗಲಿ, ನಿರ್ವಹಣೆಯಾಗಲಿ, ದೋಷ ಹುಡುಕುವುದಾಗಲಿ ಈ ಮೂರು ದಾರಿಗಳಲ್ಲಿ ನಡೆದುಹೋದರೆ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಯಂತ್ರದ ಸ್ವಭಾವ

ಮಿಗ್ ಯಂತ್ರದ ಪವರ್ ಸೋರ್ಸ್ ವೋಲ್ಟೇಜನ್ನು ಸ್ಥಿರವಾಗಿ ಇರಿಸುವ ಬಗೆಯದು. ವೋಲ್ಟೇಜ್ ಆರ್ಕಿನ ಉದ್ದವನ್ನು ನಿರ್ಧರಿಸುತ್ತದೆ. ವೈರ್ ಹೊರಬರುವ ವೇಗ ಕರೆಂಟನ್ನು ನಿರ್ಧರಿಸುತ್ತದೆ. ವೈರ್ ವೇಗ ಹೆಚ್ಚಿಸಿದರೆ ಅಷ್ಟನ್ನೂ ಕರಗಿಸಲು ಯಂತ್ರ ಹೆಚ್ಚು ಆಂಪಿಯರ್ ಕೊಡುತ್ತದೆ. ಹೀಗಾಗಿ ಹಲವು ಯಂತ್ರಗಳಲ್ಲಿ "ಕರೆಂಟ್" ಎಂದು ಬರೆದಿರುವ ಗುಂಡಿ ನಿಜವಾಗಿ ಫೀಡರ್ (ವೈರನ್ನು ತಳ್ಳುವ ಘಟಕ) ಮೋಟಾರಿನ ವೇಗವನ್ನು ಬದಲಿಸುತ್ತದೆ. ಇದು ಮನಸ್ಸಿನಲ್ಲಿದ್ದರೆ ಲೈನರ್ ಕಟ್ಟಿಕೊಂಡಾಗ ಆಂಪಿಯರ್ ಮೀಟರ್ ಏಕೆ ಕುಣಿಯುತ್ತದೆ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಘನ ವೈರ್ ಬಳಸುವಾಗ ಟಾರ್ಚ್ ಧನ ಧ್ರುವಕ್ಕೆ, ಜಾಬ್ ಋಣ ಧ್ರುವಕ್ಕೆ ಸೇರಿರಬೇಕು. ಗ್ಯಾಸ್ ಇಲ್ಲದೆ ಬಳಸುವ, ಒಳಗೆ ಫ್ಲಕ್ಸ್ ಪುಡಿ ತುಂಬಿರುವ ಕೆಲವು ಫ್ಲಕ್ಸ್ ಕೋರ್ಡ್ ವೈರ್‌ಗಳಿಗೆ ಇದು ತಿರುವುಮುರುವು, ಆದ್ದರಿಂದ ವೈರಿನ ಪೆಟ್ಟಿಗೆಯ ಮೇಲಿನ ಬರಹವನ್ನು ಓದದೆ ಕೇಬಲ್ ಜೋಡಿಸಬಾರದು.

ಯಂತ್ರದ ತಗಡಿನ ಮೇಲೆ ಬರೆದಿರುವ ಡ್ಯೂಟಿ ಸೈಕಲ್ ಅಲಂಕಾರಕ್ಕಲ್ಲ. 400 ಆಂಪಿಯರ್, ಶೇ. 60 ಎಂದಿದ್ದರೆ ಪ್ರತಿ 10 ನಿಮಿಷದಲ್ಲಿ 6 ನಿಮಿಷ ಮಾತ್ರ 400 ಆಂಪಿಯರ್‌ನಲ್ಲಿ ಬೆಸುಗೆ ಹಾಕಬಹುದು, ಉಳಿದ 4 ನಿಮಿಷ ಫ್ಯಾನ್ ಓಡುತ್ತಿರುವಂತೆ ಯಂತ್ರವನ್ನು ಬಿಡಬೇಕು ಎಂದರ್ಥ. ಅದೇ ಯಂತ್ರ ಬಿಡುವಿಲ್ಲದೆ ನಡೆಯಬೇಕಾದರೆ ಕರೆಂಟನ್ನು ಸುಮಾರು 310 ಆಂಪಿಯರ್‌ಗೆ ಇಳಿಸಬೇಕಾಗುತ್ತದೆ. ಈ ಲೆಕ್ಕವನ್ನು 40 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ಶಾಖಕ್ಕೆ ಮಾಡಿರುತ್ತಾರೆ. ತಗಡಿನ ಛಾವಣಿಯ ಕೆಳಗೆ ಅದಕ್ಕಿಂತ ಹೆಚ್ಚು ಬಿಸಿಯಿದ್ದರೆ ಬಿಡುವನ್ನೂ ಹೆಚ್ಚಿಸಬೇಕು. ಟಾರ್ಚಿಗೆ ಬೇರೆಯದೇ ಮಿತಿಯಿದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ಬಳಸುವಾಗ ಟಾರ್ಚ್ ತಡೆದುಕೊಳ್ಳುವ ಆಂಪಿಯರ್, ಆರ್ಗಾನ್ ಮಿಶ್ರಣಕ್ಕೆ ಬದಲಿಸಿದಾಗ ಕಡಿಮೆಯಾಗುತ್ತದೆ. ಹಿಡಿಕೆ ಕೈಗವಸಿನ ಒಳಗೂ ಸುಡುವಷ್ಟು ಬಿಸಿಯಾಗುತ್ತಿದ್ದರೆ ಟಾರ್ಚ್ ಚಿಕ್ಕದಾಯಿತೆಂದೇ ತಿಳಿಯಬೇಕು.

ಕರೆಂಟಿನ ದಾರಿ

ಕೈಗಾರಿಕಾ ಯಂತ್ರಗಳು ಹೆಚ್ಚಾಗಿ ಮೂರು ಫೇಸಿನ ಸುಮಾರು 400 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುತ್ತವೆ. ಪ್ಲಗ್, ಬ್ರೇಕರ್ ಮತ್ತು ಕೇಬಲಿನ ದಪ್ಪವನ್ನು ಅರ್ಹ ಎಲೆಕ್ಟ್ರಿಷಿಯನ್ ನಿರ್ಧರಿಸಬೇಕು; ಇದರಲ್ಲಿ ವೆಲ್ಡರ್ ಕೈ ಹಾಕುವುದು ಬೇಡ. ಯಂತ್ರದ ಹಿಂದೆ ಮುಂದೆ ಗಾಳಿ ಆಡುವಷ್ಟು ಜಾಗ ಬಿಟ್ಟು, ಗ್ರೈಂಡರಿನ ಕಿಡಿ ಯಂತ್ರದ ಕಡೆಗೆ ಹಾರದಂತೆ ಇಡಬೇಕು. ಗ್ರೈಂಡಿಂಗ್ ಪುಡಿ ಎಂದರೆ ಕಬ್ಬಿಣ. ಫ್ಯಾನ್ ಅದನ್ನು ಎಳೆದುಕೊಂಡು ಸರ್ಕ್ಯೂಟ್ ಬೋರ್ಡಿನ ಮೇಲೆ ಹರಡಿದರೆ ಒಂದು ದಿನ ಯಂತ್ರ ಸಿಡಿದ ಸದ್ದು ಕೇಳಿಸುತ್ತದೆ.

ವರ್ಕ್‌ಶಾಪ್‌ಗಳಲ್ಲಿ "ಅರ್ಥ್" ಎಂಬ ಒಂದೇ ಪದವನ್ನು ಎರಡು ಬೇರೆ ವಸ್ತುಗಳಿಗೆ ಬಳಸುತ್ತಾರೆ, ಮತ್ತು ಈ ಗೊಂದಲದಿಂದ ಅಪಾಯ ಹುಟ್ಟುತ್ತದೆ. ಒಂದು, ಯಂತ್ರದ ಹೊರಕವಚವನ್ನು ಕಟ್ಟಡದ ಭೂಸಂಪರ್ಕಕ್ಕೆ ಸೇರಿಸುವ ಹಸಿರು-ಹಳದಿ ತಂತಿ. ಇದು ಜೀವ ಕಾಯಲು ಇರುವುದು, ಸಾಮಾನ್ಯ ಕೆಲಸದಲ್ಲಿ ಇದರಲ್ಲಿ ಕರೆಂಟ್ ಹರಿಯಬಾರದು. ಇನ್ನೊಂದು, ಜಾಬಿನಿಂದ ಯಂತ್ರಕ್ಕೆ ವೆಲ್ಡಿಂಗ್ ಕರೆಂಟನ್ನು ಹಿಂದಿರುಗಿಸುವ ದಪ್ಪ ಕೇಬಲ್ ಮತ್ತು ಅದರ ಕ್ಲ್ಯಾಂಪ್. ಎರಡನೆಯದನ್ನು ಸರಿಯಾಗಿ ಕಚ್ಚಿಸದಿದ್ದರೆ ನೂರಾರು ಆಂಪಿಯರ್ ಕರೆಂಟ್ ಮನೆ ಸೇರಲು ಬೇರೆ ದಾರಿ ಹುಡುಕುತ್ತದೆ: ಕ್ರೇನಿನ ಉಕ್ಕಿನ ಹಗ್ಗ, ಯಂತ್ರೋಪಕರಣದ ಬೇರಿಂಗ್, ಪಕ್ಕದ ಗ್ರೈಂಡರಿನ ಭೂಸಂಪರ್ಕದ ತಂತಿ. ಆ ಸಣ್ಣ ತಂತಿ ಕಣ್ಣಿಗೆ ಕಾಣದ ಕಡೆ ಸುಟ್ಟುಹೋದರೆ, ಮುಂದೆಂದೋ ಗ್ರೈಂಡರ್ ಹಿಡಿದವರಿಗೆ ಶಾಕ್ ಹೊಡೆದಾಗ ಅದಕ್ಕೂ ವೆಲ್ಡಿಂಗಿಗೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಕ್ಲ್ಯಾಂಪನ್ನು ಬೆಸುಗೆ ಹಾಕುವ ಜಾಬಿಗೇ, ಬೆಸುಗೆಗೆ ಆದಷ್ಟು ಹತ್ತಿರ, ತುಕ್ಕು ಮತ್ತು ಬಣ್ಣ ಉಜ್ಜಿ ತೆಗೆದ ಹೊಳೆಯುವ ಲೋಹದ ಮೇಲೆ ಕಚ್ಚಿಸಬೇಕು. ಕರೆಂಟ್ ಬೇರಿಂಗಿನ ಮೂಲಕ ಹಾದುಹೋಗುವಂತೆ ಎಂದೂ ಕಚ್ಚಿಸಬಾರದು.

ಆರ್ಕ್ ಇಲ್ಲದಿರುವಾಗ ಟಾರ್ಚಿನಲ್ಲಿರುವ ವೋಲ್ಟೇಜ್ ಮೂರು ಫೇಸಿನ ವಿದ್ಯುತ್ತಿಗೆ ಹೋಲಿಸಿದರೆ ಕಡಿಮೆಯೇ. ಆದರೂ ಬೆವರಿನಿಂದ ನೆನೆದ ಅಂಗಿ, ಒದ್ದೆ ಕೈಗವಸು, ಕಬ್ಬಿಣದ ಟ್ಯಾಂಕಿನ ಒಳಗೆ ಬೆನ್ನು ತಾಗಿಸಿ ಕುಳಿತ ಭಂಗಿ, ಇವು ಒಂದಾದರೆ ಅಷ್ಟೇ ವೋಲ್ಟೇಜ್ ಕೊಲ್ಲಬಲ್ಲದು. ಇಂಥ ಕಡೆ ಕೆಲಸ ಮಾಡಬಹುದಾದ ಯಂತ್ರದ ತಗಡಿನ ಮೇಲೆ 'ಎಸ್' ಗುರುತು ಇರುತ್ತದೆ. ಒಣ ಕೈಗವಸು, ಒಣ ಬೂಟು, ಮೈ ಮತ್ತು ಲೋಹದ ನಡುವೆ ಒಣ ಮರದ ಹಲಗೆ ಅಥವಾ ರಬ್ಬರ್ ಹಾಸು ಇರಬೇಕು. ಟ್ರಿಗರ್ ಒತ್ತಿದಾಗ ಟಾರ್ಚಿನ ತುದಿಯಷ್ಟೇ ಅಲ್ಲ, ವೈರ್, ಸ್ಪೂಲ್, ಫೀಡರಿನ ರೋಲರ್ ಎಲ್ಲವೂ ವಿದ್ಯುತ್ತಿನಲ್ಲಿರುತ್ತವೆ; ಆದಕಾರಣ ಫೀಡರಿನ ಬಾಗಿಲು ತೆರೆದಿಟ್ಟು ಕೆಲಸ ಮಾಡಬಾರದು. ಹೃದಯದ ಪೇಸ್‌ಮೇಕರ್ ಇರುವವರು ವೈದ್ಯರ ಅನುಮತಿಯಿಲ್ಲದೆ ಈ ಯಂತ್ರದ ಹತ್ತಿರ ನಿಲ್ಲಬಾರದು, ಮತ್ತು ಯಾರೇ ಆಗಲಿ ಕೇಬಲನ್ನು ಹೆಗಲಿಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬಾರದು.

ಗ್ಯಾಸಿನ ದಾರಿ

ತುಂಬಿದ ಆರ್ಗಾನ್ ಸಿಲಿಂಡರಿನ ಒತ್ತಡ 150ರಿಂದ 200 ಬಾರ್‌ವರೆಗೆ ಇರುತ್ತದೆ. ಸಿಲಿಂಡರ್ ಬಿದ್ದು ವಾಲ್ವ್ ಮುರಿದರೆ ಆ ಒತ್ತಡವೆಲ್ಲ ಒಂದೇ ಕಡೆ ನುಗ್ಗಿ, ಸಿಲಿಂಡರ್ ಗೋಡೆಯನ್ನೂ ಒಡೆಯುವ ವೇಗದಲ್ಲಿ ಹಾರಬಲ್ಲದು. ಅದನ್ನು ನಿಲ್ಲಿಸಿ ಸರಪಳಿಯಿಂದ ಬಿಗಿಯಬೇಕು. ಸಾಗಿಸುವಾಗ ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿ, ಟ್ರಾಲಿಯಲ್ಲೇ ಒಯ್ಯಬೇಕು. ರೆಗ್ಯುಲೇಟರ್ ಜೋಡಿಸುವ ಮೊದಲು ಪಕ್ಕಕ್ಕೆ ನಿಂತು ವಾಲ್ವನ್ನು ಕ್ಷಣಮಾತ್ರ ತೆರೆದು ಮುಚ್ಚಿದರೆ ಬಾಯಲ್ಲಿದ್ದ ಧೂಳು ಹಾರಿಹೋಗುತ್ತದೆ. ನಂತರ ರೆಗ್ಯುಲೇಟರಿನ ಹಿಡಿಕೆಯನ್ನು ಪೂರ್ತಿ ಸಡಿಲಿಸಿ, ಗೇಜಿನ ಮುಂದೆ ಮುಖವಿಡದೆ, ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಸಾಬೂನು ನೀರು ಹಚ್ಚಿ ಪ್ರತಿ ಜೋಡಣೆಯಲ್ಲೂ ಗುಳ್ಳೆ ಬರುತ್ತದೆಯೇ ಎಂದು ನೋಡುವುದಕ್ಕೆ ಎರಡು ನಿಮಿಷವೂ ಬೇಡ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇರೆ ಜಾತಿಯದು. ಒಳಗೆ ಅದು ದ್ರವವಾಗಿರುವುದರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು ಸುಮಾರು 57 ಬಾರ್ ತೋರಿಸುತ್ತಲೇ ಇರುತ್ತದೆ. ದ್ರವ ಮುಗಿದ ಮೇಲಷ್ಟೇ ಮುಳ್ಳು ಇಳಿಯತೊಡಗುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಗಬೇಕು. ಸಿಲಿಂಡರನ್ನು ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ದೊಡ್ಡ ಕೆಲಸದಲ್ಲಿ ಗ್ಯಾಸ್ ಬೇಗ ಬೇಗ ಹರಿದಾಗ ರೆಗ್ಯುಲೇಟರ್ ಮಂಜುಗಟ್ಟಿ ಹರಿವು ಏರುಪೇರಾಗುವುದರಿಂದ ಗ್ಯಾಸ್ ಹೀಟರ್ ಬೇಕಾಗುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಬೆಸುಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತೂತುಗಳು ಕಾಣಿಸಿಕೊಂಡರೆ ಹೀಟರ್ ಬಿಸಿಯಾಗುತ್ತಿದೆಯೇ ಎಂದು ಮುಟ್ಟಿ ನೋಡಬೇಕು.

ಉಕ್ಕಿಗೆ ಬರಿಯ ಕಾರ್ಬನ್ ಡೈಆಕ್ಸೈಡ್ ಅಥವಾ ಆರ್ಗಾನ್ ಶೇ. 80, ಕಾರ್ಬನ್ ಡೈಆಕ್ಸೈಡ್ ಶೇ. 20ರ ಮಿಶ್ರಣ, ಅಲ್ಯೂಮಿನಿಯಮ್ಮಿಗೆ ಶುದ್ಧ ಆರ್ಗಾನ್, ಸ್ಟೇನ್‌ಲೆಸ್ ಸ್ಟೀಲಿಗೆ ಶೇ. 2ರಷ್ಟು ಕಾರ್ಬನ್ ಡೈಆಕ್ಸೈಡ್ ಇಲ್ಲವೇ ಆಮ್ಲಜನಕ ಬೆರೆತ ಆರ್ಗಾನ್ ಸಾಮಾನ್ಯ ಆಯ್ಕೆಗಳು. ಕಟ್ಟುನಿಟ್ಟಾಗಿ ಹೇಳಿದರೆ ಕಾರ್ಬನ್ ಡೈಆಕ್ಸೈಡ್ ಜಡ ಅನಿಲವಲ್ಲ, ಆದ್ದರಿಂದ ಅದನ್ನು ಬಳಸುವ ವಿಧಾನದ ಸರಿಯಾದ ಹೆಸರು ಮ್ಯಾಗ್ (ಮೆಟಲ್ ಆಕ್ಟಿವ್ ಗ್ಯಾಸ್). ಆದರೆ ವರ್ಕ್‌ಶಾಪಿನಲ್ಲಿ ಎಲ್ಲವೂ ಮಿಗ್ಗೇ. ಹರಿವಿನ ಪ್ರಮಾಣಕ್ಕೆ ಒಂದು ಸುಲಭ ಲೆಕ್ಕವಿದೆ: ನಾಝಲಿನ (ಟಾರ್ಚಿನ ತುದಿಯಲ್ಲಿ ಗ್ಯಾಸ್ ಹೊರಬರುವ ಬಾಯಿಯ) ಒಳವ್ಯಾಸ ಎಷ್ಟು ಮಿಲಿಮೀಟರೋ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟು ಲೀಟರ್. 16 ಮಿ.ಮೀ. ನಾಝಲಿಗೆ 15 ಲೀಟರ್ ಸಾಕು. ತೂತು ಕಂಡೊಡನೆ 25 ಲೀಟರಿಗೆ ಏರಿಸುವುದು ತಪ್ಪು ಮದ್ದು, ಏಕೆಂದರೆ ಅತಿ ವೇಗದ ಗ್ಯಾಸ್ ಸುಳಿ ಎಬ್ಬಿಸಿ ಹೊರಗಿನ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. ಅದಕ್ಕಿಂತ ಮೊದಲು ಕಿಟಕಿಯ ಗಾಳಿಯನ್ನೂ ಸ್ಟ್ಯಾಂಡ್ ಫ್ಯಾನಿನ ಗಾಳಿಯನ್ನೂ ತಡೆಯಬೇಕು.

ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ. ಗುಂಡಿ, ಟ್ಯಾಂಕ್, ಹಡಗಿನ ಕೋಣೆಯಂಥ ಜಾಗದಲ್ಲಿ ಸೋರಿದ ಗ್ಯಾಸ್ ತಳದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಸಹಜವಾಗಿ ಶೇ. 20.9ರಷ್ಟಿರುವ ಆಮ್ಲಜನಕ ಶೇ. 19.5ಕ್ಕಿಂತ ಇಳಿದರೆ ಒಳಗೆ ಹೋಗಬಾರದು. ಆರ್ಗಾನಿಗೆ ವಾಸನೆಯಿಲ್ಲ, ಉಸಿರುಗಟ್ಟುವ ಅನುಭವವೂ ಆಗುವುದಿಲ್ಲ. ಮನುಷ್ಯ ಸುಮ್ಮನೆ ಕುಸಿಯುತ್ತಾನೆ, ಎತ್ತಲು ಹೋದ ಎರಡನೆಯವನೂ ಕುಸಿಯುತ್ತಾನೆ. ಇಂಥ ಜಾಗದಲ್ಲಿ ಆಮ್ಲಜನಕ ಮಾಪಕ, ಎಡೆಬಿಡದ ಗಾಳಿ ಪೂರೈಕೆ ಮತ್ತು ಹೊರಗೆ ಒಬ್ಬ ಕಾವಲುಗಾರ ಇಲ್ಲದೆ ಕೆಲಸ ಆರಂಭಿಸಬಾರದು. ಊಟಕ್ಕೆ ಏಳುವಾಗ ಟಾರ್ಚನ್ನು ಒಳಗೇ ಬಿಟ್ಟು ಬರಬಾರದು.

ವೈರಿನ ದಾರಿ

ನನ್ನ ಅಂದಾಜಿನಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಈ ದಾರಿಯಲ್ಲಿ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ವೈರಿನ ವ್ಯಾಸ, ರೋಲರಿನಲ್ಲಿ ವೈರ್ ಕೂರುವ ತೋಡು, ಲೈನರ್ ಮತ್ತು ಟಿಪ್ ನಾಲ್ಕೂ ಒಂದೇ ಅಳತೆಗೆ ಹೊಂದಬೇಕು. ಉಕ್ಕಿನ ಘನ ವೈರಿಗೆ 'ವಿ' ಆಕಾರದ ತೋಡಿನ ರೋಲರ್, ಮೆತ್ತಗಿನ ಅಲ್ಯೂಮಿನಿಯಮ್ಮಿಗೆ 'ಯು' ಆಕಾರದ್ದು, ಫ್ಲಕ್ಸ್ ಕೋರ್ಡ್ ವೈರಿಗೆ ಗೀರು ಹಾಕಿದ ರೋಲರ್. ಗೀರಿನ ರೋಲರಿನಲ್ಲಿ ಘನ ವೈರ್ ಓಡಿಸಿದರೆ ಅದರ ಮೈ ಕೆತ್ತಿ, ಆ ಪುಡಿಯೆಲ್ಲ ಲೈನರಿಗೆ ಇಳಿಯುತ್ತದೆ. ಅಲ್ಯೂಮಿನಿಯಮ್ಮಿಗೆ ಉಕ್ಕಿನ ಲೈನರ್ ಬದಲು ಟೆಫ್ಲಾನ್ ಲೈನರ್ ಹಾಕಬೇಕು, ಟಾರ್ಚಿನ ಕೇಬಲ್ ಗಿಡ್ಡದಾಗಿದ್ದಷ್ಟೂ ಒಳ್ಳೆಯದು.

ಹೊಸ ಸ್ಪೂಲ್ ಕೂರಿಸುವಾಗ ಮೊದಲು ಮೇನ್ ಸ್ವಿಚ್ ಆರಿಸಬೇಕು. ವೈರಿನ ತುದಿಯನ್ನು ಬಿಚ್ಚುವ ಮುನ್ನವೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಕೈತಪ್ಪಿದರೆ 15 ಕಿಲೋ ಸುರುಳಿ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಮುಖಕ್ಕೆ ಹೊಡೆಯುತ್ತದೆ. ಬಾಗಿದ ತುದಿಯನ್ನು ಕತ್ತರಿಸಿ, ಚೂಪನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರೆ ಅದು ಲೈನರಿನ ಒಳಮೈಯನ್ನು ಕೆರೆಯುವುದಿಲ್ಲ. ಆಮೇಲೆ ನಾಝಲ್ ಮತ್ತು ಟಿಪ್ ಕಳಚಿ, ಟಾರ್ಚಿನ ಕೇಬಲನ್ನು ನೆಲದ ಮೇಲೆ ನೇರವಾಗಿ ಹಾಸಿ, ಸ್ವಿಚ್ ಹಾಕಿ, ಇಂಚಿಂಗ್ ಬಟನ್ ಒತ್ತಿ ವೈರನ್ನು ಕಳಿಸಬೇಕು. ಟ್ರಿಗರಿನಿಂದಲೂ ಕಳಿಸಬಹುದು, ಆದರೆ ಆಗ ಗ್ಯಾಸ್ ವ್ಯರ್ಥ ಮತ್ತು ವೈರಿನಲ್ಲಿ ವಿದ್ಯುತ್ತು. ವೈರ್ ಬಂತೇ ಎಂದು ಟಾರ್ಚಿನ ಬಾಯೊಳಗೆ ಇಣುಕುವವರನ್ನು ನಾನು ಕಂಡಿದ್ದೇನೆ. ಆ ವೈರ್ ಅಂಗೈಯನ್ನು ಸೂಜಿಯಂತೆ ತೂರಿ ಹೋಗಬಲ್ಲದು, ಕಣ್ಣಿನ ಮಾತು ಬೇರೆ ಹೇಳಬೇಕಿಲ್ಲ.

ರೋಲರಿನ ಒತ್ತಡವನ್ನು ಹೀಗೆ ಸರಿಮಾಡಿಕೊಳ್ಳಬೇಕು. ಒತ್ತುವ ಸ್ಕ್ರೂ ಸಡಿಲಿಸಿ, ಟಾರ್ಚನ್ನು ಒಣ ಮರದ ತುಂಡಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಹಿಡಿದು ವೈರನ್ನು ಓಡಿಸಿ. ವೈರ್ ಮರಕ್ಕೆ ತಾಗಿ ನಿಂತು ರೋಲರ್ ಜಾರುತ್ತಿದ್ದರೆ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ವೈರ್ ಮರಕ್ಕೆ ತಾಗಿ ಬಾಗಿ ಸುರುಳಿಯಾಗತೊಡಗಿದ ಹಂತದಲ್ಲಿ ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದರೆ ವೈರ್ ಚಪ್ಪಟೆಯಾಗಿ ಟಿಪ್ಪಿನಲ್ಲಿ ಸಿಕ್ಕಿಬೀಳುತ್ತದೆ, ಸಿಕ್ಕಿಬಿದ್ದಾಗ ರೋಲರಿನ ಬಳಿ ಹಕ್ಕಿಗೂಡಿನಂತೆ ಗೋಜಲಾಗುತ್ತದೆ. ಸ್ಪೂಲಿನ ಬ್ರೇಕ್ ಕೂಡ ಹಾಗೆಯೇ: ಟ್ರಿಗರ್ ಬಿಟ್ಟಾಗ ಸ್ಪೂಲ್ ಮುಂದಕ್ಕೆ ಉರುಳದಿದ್ದರೆ ಸಾಕು, ಅದಕ್ಕಿಂತ ಬಿಗಿ ಮಾಡಿದರೆ ಮೋಟಾರಿಗೆ ಹೊರೆ.

ಟಿಪ್ಪಿನಿಂದ ಜಾಬಿನವರೆಗಿನ ಅಂತರ ಸಣ್ಣ ಕರೆಂಟಿನಲ್ಲಿ 10ರಿಂದ 15 ಮಿ.ಮೀ., ದೊಡ್ಡ ಕರೆಂಟಿನಲ್ಲಿ 15ರಿಂದ 20 ಮಿ.ಮೀ. ಇರಲಿ. ಅಂತರ ಹೆಚ್ಚಾದಂತೆ ವೈರ್ ತಾನೇ ಬಿಸಿಯಾಗಿ ಕರೆಂಟ್ ಇಳಿಯುತ್ತದೆ, ಬೆಸುಗೆ ಆಳಕ್ಕೆ ಹೋಗುವುದಿಲ್ಲ. ಗುಂಡಿ ಮುಟ್ಟದೆಯೇ ಬೆಸುಗೆಯ ಗುಣ ಬದಲಾಗುವುದು ಹೀಗೆ.

ಮೈ, ಕಣ್ಣು, ಉಸಿರು, ಬೆಂಕಿ

ಮಿಗ್ ಆರ್ಕಿನ ಅತಿನೇರಳೆ ಕಿರಣ ತೀಕ್ಷ್ಣವಾದದ್ದು, ಆರ್ಗಾನಿನಲ್ಲಿ ಇನ್ನೂ ಹೆಚ್ಚು. 150 ಆಂಪಿಯರ್ ಆಸುಪಾಸಿಗೆ 10 ಅಥವಾ 11ನೆಯ ಶೇಡಿನ ಗಾಜು, 250 ಆಂಪಿಯರ್ ದಾಟಿದರೆ 12 ಅಥವಾ 13 ಬೇಕು. ಬರಿಗಣ್ಣಿಗೆ ಆರ್ಕ್ ಬಿದ್ದರೆ ಆ ಕ್ಷಣದಲ್ಲಿ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಆಗ ಕಣ್ಣಿಗೆ ಕೈಮದ್ದು ಹಾಕದೆ ವೈದ್ಯರನ್ನು ಕಾಣಬೇಕು. ಹೆಲ್ಮೆಟಿನ ಕೆಳಗೂ ಸುರಕ್ಷತಾ ಕನ್ನಡಕ ಇರಲಿ, ಪಕ್ಕದಲ್ಲಿ ಕೆಲಸ ಮಾಡುವವರಿಗಾಗಿ ಪರದೆ ಕಟ್ಟಿರಲಿ. ಬಟ್ಟೆ ದಪ್ಪ ಹತ್ತಿಯದು ಅಥವಾ ಚರ್ಮದ್ದಾಗಿರಬೇಕು. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಪ್ಯಾಂಟಿನ ಕಾಲನ್ನು ಮಡಚಿದರೆ ಕಿಡಿ ಅಲ್ಲಿಯೇ ಕೂರುತ್ತದೆ. ಜೇಬಿನಲ್ಲಿ ಲೈಟರ್ ಇರಬಾರದು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿಗೆ ಸೇರಿಸಿತು. ಆದ್ದರಿಂದ ಹೊಗೆ ಏಳುವ ದಾರಿಯಲ್ಲಿ ತಲೆ ಇಡದಿರುವುದು ಮತ್ತು ಆರ್ಕಿನ ಹತ್ತಿರವೇ ಹೊಗೆ ಹೀರುವ ಕೊಳವೆ ಇಡುವುದು ಕೆಲಸದ ಭಾಗವೇ ಆಗಬೇಕು. ಹೀರುವ ವೇಗ ಮಾತ್ರ ಶೀಲ್ಡಿಂಗ್ ಗ್ಯಾಸನ್ನೂ ಎಳೆದುಕೊಳ್ಳುವಷ್ಟು ಇರಬಾರದು. ಸತು ಲೇಪಿಸಿದ ತಗಡಿನ ಹೊಗೆ ಸಂಜೆಗೆ ಚಳಿಜ್ವರ ತರಿಸುತ್ತದೆ, ಹಾಗಾಗಿ ಬೆಸುಗೆಯ ಜಾಗದಲ್ಲಿ ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ವಿಷಕಾರಿ ಕ್ರೋಮಿಯಂ ಇರುತ್ತದೆ. ಅಲ್ಲಿ ಸಾಮಾನ್ಯ ಬಟ್ಟೆಯ ಮಾಸ್ಕ್ ಸಾಲದು. ಎಣ್ಣೆ ತೆಗೆಯಲು ಕ್ಲೋರಿನ್ ಇರುವ ದ್ರಾವಕ ಬಳಸಿದ ಜಾಬಿನ ಬಳಿ ಆರ್ಕ್ ಹಚ್ಚಲೇಬಾರದು. ಆ ಆವಿ ಅತಿನೇರಳೆ ಕಿರಣ ಮತ್ತು ಶಾಖಕ್ಕೆ ಒಡೆದು ಫಾಸ್ಜೀನ್ ಎಂಬ ಮಾರಕ ಅನಿಲವಾಗುತ್ತದೆ.

ಕಿಡಿಗಳು ದೂರ ಹಾರುತ್ತವೆ. ಸುತ್ತ 11 ಮೀಟರ್ ಒಳಗೆ ಹತ್ತಿಕೊಳ್ಳುವ ವಸ್ತುವಿದ್ದರೆ ತೆಗೆಯಬೇಕು ಅಥವಾ ಬೆಂಕಿನಿರೋಧಕ ಹೊದಿಕೆಯಿಂದ ಮುಚ್ಚಬೇಕು. ಗೋಡೆಯ ಬಿರುಕು, ನೆಲದ ತೂತು, ಆಚೆ ಬದಿಯ ಕೋಣೆಯನ್ನೂ ನೋಡಬೇಕು. ಕೆಲಸ ಮುಗಿದ ಮೇಲೆ ಒಂದು ಗಂಟೆ ಆ ಜಾಗವನ್ನು ಕಾಯಬೇಕು. ಪೆಟ್ರೋಲ್ ಅಥವಾ ರಾಸಾಯನಿಕ ಇದ್ದ ಡ್ರಮ್ಮು ಖಾಲಿಯಾಗಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ; ಅದಕ್ಕೆ ಬೆಸುಗೆ ಹಾಕುವುದು ತಜ್ಞರ ಕೆಲಸ.

ಗುಂಡಿ ತಿರುಗಿಸುವುದು, ಕೈ ಆಡಿಸುವುದು

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ಒಂದು ಲೆಕ್ಕ ನೆನಪಿನಲ್ಲಿರಲಿ: ಆಂಪಿಯರನ್ನು 0.05ರಿಂದ ಗುಣಿಸಿ 14 ಕೂಡಿಸಿದರೆ ವೋಲ್ಟ್ ಸಿಗುತ್ತದೆ. 120 ಆಂಪಿಯರಿಗೆ 20 ವೋಲ್ಟ್, 200ಕ್ಕೆ 24, 300ಕ್ಕೆ 29. ಇದು ಆರಂಭದ ಅಂಕಿ ಮಾತ್ರ. ಗ್ಯಾಸ್, ವೈರ್ ಮತ್ತು ಕೇಬಲಿನ ಉದ್ದ ನೋಡಿ ಒಂದೆರಡು ವೋಲ್ಟ್ ಅತ್ತಿತ್ತ ಆಗುತ್ತದೆ. ವೋಲ್ಟೇಜ್ ಕಡಿಮೆಯಾದರೆ ವೈರ್ ಜಾಬನ್ನು ತಿವಿಯುತ್ತಾ ಟಕಟಕನೆ ಒದೆಯುತ್ತದೆ, ಹೆಚ್ಚಾದರೆ ಆರ್ಕ್ ಉದ್ದವಾಗಿ ಬೆಸುಗೆ ಚಪ್ಪಟೆಯಾಗಿ ಅಂಚು ಕೊರೆಯುತ್ತದೆ. ಸಣ್ಣ ಕರೆಂಟಿನಲ್ಲಿ ಸರಿಯಾದ ಆರ್ಕಿನ ಸದ್ದು ಎಡೆಬಿಡದ ಚಟಪಟ. ದೊಡ್ಡ ಕರೆಂಟಿನಲ್ಲಿ, ಆರ್ಗಾನ್ ಶೇ. 80ಕ್ಕಿಂತ ಕಡಿಮೆಯಿಲ್ಲದ ಮಿಶ್ರಣದಲ್ಲಿ, ಅದು ಮೃದುವಾದ ಭುಸ್ಸೆನ್ನುವ ಸದ್ದಾಗಿ ಬದಲಾಗುತ್ತದೆ. ಬರಿಯ ಕಾರ್ಬನ್ ಡೈಆಕ್ಸೈಡಿನಲ್ಲಿ ಈ ಎರಡನೆಯ ಸದ್ದಿಗಾಗಿ ಕಾಯುವುದು ವ್ಯರ್ಥ.

ಟಾರ್ಚನ್ನು 10ರಿಂದ 15 ಡಿಗ್ರಿ ಓರೆಯಾಗಿ ಹಿಡಿದು, ಆರ್ಕ್ ಯಾವಾಗಲೂ ಕರಗಿದ ಕೊಳದ ಮುಂದಿನ ಅಂಚಿನಲ್ಲಿರುವಂತೆ ಸಾಗಬೇಕು. ಕೊಳವೇ ಆರ್ಕನ್ನು ಹಿಂದಿಕ್ಕಿ ಮುಂದೆ ಹರಿದರೆ ಕರಗಿದ ಲೋಹ ತಣ್ಣನೆಯ ಲೋಹದ ಮೇಲೆ ಸುಮ್ಮನೆ ಮಲಗುತ್ತದೆ. ನೋಡಲು ಬೆಸುಗೆ, ಹಿಡಿತ ಇಲ್ಲ. ದಪ್ಪ ತಟ್ಟೆಯ ಮೇಲೆ ಸಣ್ಣ ಕರೆಂಟಿನಲ್ಲಿ, ಅದರಲ್ಲೂ ಮೇಲಿನಿಂದ ಕೆಳಕ್ಕೆ ಎಳೆಯುವಾಗ, ಇದು ಬಹಳ ಸಲ ಆಗುತ್ತದೆ. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಅದೇ ದಪ್ಪದ ಎರಡು ತುಂಡುಗಳನ್ನು 'ಟಿ' ಆಕಾರದಲ್ಲಿಟ್ಟು ಒಂದೇ ಬದಿಗೆ ಬೆಸುಗೆ ಹಾಕಿ, ತಣಿದ ಮೇಲೆ ಸುತ್ತಿಗೆಯಿಂದ ಬಡಿದು ಮುರಿದು ಬುಡವನ್ನು ನೋಡಬೇಕು. ತಟ್ಟೆಯ ಮೂಲ ಅಂಚು ಕರಗದೆ ಗೆರೆಯಂತೆ ಕಂಡರೆ ಆ ಸೆಟ್ಟಿಂಗ್ ಕೆಲಸಕ್ಕೆ ಬಾರದು. ಟ್ರಿಗರ್ ಬಿಟ್ಟೊಡನೆ ಟಾರ್ಚ್ ಎತ್ತದೆ ಒಂದೆರಡು ಸೆಕೆಂಡು ಅಲ್ಲಿಯೇ ಹಿಡಿದರೆ ಕೊನೆಯ ಗುಳಿ ಗ್ಯಾಸಿನ ನೆರಳಲ್ಲಿ ಗಟ್ಟಿಯಾಗುತ್ತದೆ.

ನಿರ್ವಹಣೆ

ದಿನದ ಕೆಲಸ ಟಾರ್ಚಿನ ತುದಿಯಲ್ಲಿದೆ. ನಾಝಲಿನೊಳಗಿನ ಸ್ಪ್ಯಾಟರನ್ನು (ಸಿಡಿದು ಅಂಟಿದ ಲೋಹದ ಹನಿಗಳನ್ನು) ಇಕ್ಕಳದಿಂದ ತೆಗೆಯಬೇಕು. ಟಾರ್ಚನ್ನು ಟೇಬಲಿಗೆ ಕುಟ್ಟಿ ಉದುರಿಸುವ ಅಭ್ಯಾಸ ಎಲ್ಲ ಕಡೆ ಇದೆ, ಮತ್ತು ಎಲ್ಲ ಕಡೆ ಅದು ಇನ್ಸುಲೇಟರನ್ನು ಸೀಳುತ್ತದೆ. ಗ್ಯಾಸನ್ನು ಹರಡುವ ಡಿಫ್ಯೂಸರಿನ ಸಣ್ಣ ತೂತುಗಳು ತೆರೆದಿವೆಯೇ, ಟಿಪ್ಪಿನ ತೂತು ದುಂಡಗಿದೆಯೇ ಅಥವಾ ಮೊಟ್ಟೆಯಾಕಾರಕ್ಕೆ ಸವೆದಿದೆಯೇ ಎಂದು ನೋಡಬೇಕು. ಸವೆದ ಟಿಪ್ಪಿನಲ್ಲಿ ವೈರಿಗೆ ಕರೆಂಟ್ ಸರಿಯಾಗಿ ದಾಟದೆ ಆರ್ಕ್ ಅಲೆಯುತ್ತದೆ. ಟಿಪ್ಪನ್ನು ಕೈಯಿಂದಲ್ಲ, ಸ್ಪ್ಯಾನರಿನಿಂದ ಬಿಗಿಯಬೇಕು. ಸಡಿಲವಾದರೆ ಬಿಸಿಯಾಗಿ ಅದರ ತಿರುಪಿನ ಎಳೆಯೇ ಕರಗುತ್ತದೆ. ಸ್ಪ್ಯಾಟರ್ ಅಂಟದಂತೆ ಹಚ್ಚುವ ಮುಲಾಮಿನಲ್ಲಿ ನಾಝಲಿನ ಅಂಚನ್ನಷ್ಟೇ ಅದ್ದಬೇಕು.

ಪ್ರತಿ ಸ್ಪೂಲ್ ಬದಲಿಸುವಾಗ ಲೈನರಿನೊಳಗೆ ಒಣ ಗಾಳಿ ಊದಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ರೋಲರಿನ ತೋಡಿನಲ್ಲಿ ತುಂಬಿದ ತಾಮ್ರದ ಪುಡಿಯನ್ನು ಬ್ರಷ್‌ನಿಂದ ತೆಗೆಯಬೇಕು. ಊದಿದ ಮೇಲೂ ವೈರ್ ಎಳೆಯಲು ಬಿಗಿಯೆನಿಸಿದರೆ ಲೈನರ್ ಬದಲಿಸುವ ಕಾಲ ಬಂದಿದೆ. ಹೊಸ ಲೈನರನ್ನು ಟಾರ್ಚ್ ನೇರವಾಗಿರುವಾಗಲೇ ಅಳತೆ ಮಾಡಿ ಕತ್ತರಿಸಿ, ತುದಿಯ ಚೂಪನ್ನು ಉಜ್ಜಬೇಕು. ಗಿಡ್ಡವಾಗಿ ಕತ್ತರಿಸಿದರೆ ಟಿಪ್ಪಿನ ಹಿಂದೆ ವೈರ್ ಸೊಟ್ಟಗಾಗಲು ಜಾಗ ಸಿಗುತ್ತದೆ. ರಾತ್ರಿ ಫೀಡರಿನಲ್ಲೇ ಬಿಟ್ಟ ಸ್ಪೂಲಿಗೆ ಹೊದಿಕೆ ಹಾಕಬೇಕು. ತುಕ್ಕು ಹಿಡಿದ ವೈರ್ ಎಷ್ಟೇ ಉಳಿದಿದ್ದರೂ ಬಿಸಾಡುವುದೇ ಅಗ್ಗ.

ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಎಲ್ಲ ಕೇಬಲ್ ಜೋಡಣೆಗಳನ್ನು ಬಿಗಿ ಮಾಡಬೇಕು, ಇನ್ಸುಲೇಷನ್ ಬಿರುಕುಗಳನ್ನು ಹುಡುಕಬೇಕು, ನಾಝಲಿನ ತುದಿಯಲ್ಲಿ ಫ್ಲೋ ಮೀಟರ್ ಇಟ್ಟು ರೆಗ್ಯುಲೇಟರಿನ ಅಂಕಿಗೆ ಹೋಲಿಸಬೇಕು. ಎರಡರ ನಡುವಿನ ವ್ಯತ್ಯಾಸವೇ ಸೋರಿಕೆ. ನೀರಿನಿಂದ ತಣಿಸುವ ಟಾರ್ಚಿದ್ದರೆ ಕೂಲೆಂಟಿನ ಮಟ್ಟ ಮತ್ತು ಹಿಂದಿರುಗುವ ಹರಿವನ್ನು ದಿನವೂ ನೋಡಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟ್ ಇದಕ್ಕೆ ಸಲ್ಲದು.

ಯಂತ್ರದ ಕವಚ ತೆರೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಪ್ಲಗ್ ಕಿತ್ತ ಮೇಲೂ ಇನ್ವರ್ಟರಿನ ಕೆಪ್ಯಾಸಿಟರ್‌ಗಳಲ್ಲಿ ಮಾರಕ ವೋಲ್ಟೇಜ್ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡೇ ಕೈ ಹಾಕಬೇಕು. ಒಣಗಿದ, ಕಡಿಮೆ ಒತ್ತಡದ ಗಾಳಿಯಿಂದ ಧೂಳು ಊದುವಾಗ ಬೋರ್ಡಿಗೆ ನೇರವಾಗಿ ಹತ್ತಿರದಿಂದ ಊದಬಾರದು, ಫ್ಯಾನಿನ ರೆಕ್ಕೆ ಗಿರ್ರನೆ ತಿರುಗದಂತೆ ಹಿಡಿದುಕೊಳ್ಳಬೇಕು. ಧೂಳು ಹೆಚ್ಚಿರುವ ಕಡೆ ಮೂರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಇದು ಸಾಕು. ಇನ್ಸುಲೇಷನ್ ಮತ್ತು ಭೂಸಂಪರ್ಕದ ನಿಯತ ಪರೀಕ್ಷೆಗೆ ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗದ ಐಇಸಿ 60974-4 ಎಂಬ ಮಾನದಂಡವೇ ಇದೆ. ಪರೀಕ್ಷಿಸಿದ ದಿನ ಮತ್ತು ಅಂಕಿಗಳನ್ನು ಯಂತ್ರದ ಪುಸ್ತಕದಲ್ಲಿ ಬರೆದಿಡಬೇಕು.

ದೋಷ ಕಂಡಾಗ

ಬೆಸುಗೆಯಲ್ಲಿ ತೂತು ಬಿದ್ದರೆ ಗ್ಯಾಸಿನ ದಾರಿಯನ್ನು ನಾಝಲಿನಿಂದ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು: ಸ್ಪ್ಯಾಟರ್, ಡಿಫ್ಯೂಸರ್, ಟಾರ್ಚಿನ ಓ-ರಿಂಗ್, ಹೋಸ್, ವಾಲ್ವ್, ಸಿಲಿಂಡರ್, ಜತೆಗೆ ಜಾಬಿನ ಎಣ್ಣೆ, ತುಕ್ಕು, ಬಣ್ಣ. ವೈರ್ ತಡೆತಡೆದು ಬಂದರೆ ಮೊದಲು ಟಿಪ್, ಆಮೇಲೆ ಕೇಬಲಿನ ತಿರುವು, ಆಮೇಲೆ ಲೈನರ್, ಕೊನೆಗೆ ರೋಲರ್. ಬಹುತೇಕರು ರೋಲರನ್ನು ಬಿಗಿ ಮಾಡುವುದರಿಂದ ಆರಂಭಿಸಿ ತೊಂದರೆಯನ್ನು ಇಮ್ಮಡಿಸುತ್ತಾರೆ. ವೈರ್ ಟಿಪ್ಪಿಗೇ ಕರಗಿ ಅಂಟಿದರೆ ವೈರ್ ವೇಗ ಕಡಿಮೆಯಾಗಿದೆ, ವೋಲ್ಟೇಜ್ ಹೆಚ್ಚಾಗಿದೆ ಅಥವಾ ಟಾರ್ಚ್ ತೀರ ಹತ್ತಿರವಿದೆ. ಆರ್ಕ್ ಬೆಳಗ್ಗೆಯಿಂದಲೇ ಸೊರಗಿದ್ದರೆ ಗುಂಡಿ ಮುಟ್ಟುವ ಮುನ್ನ ಅರ್ಥ್ ಕ್ಲ್ಯಾಂಪನ್ನು ಬಿಚ್ಚಿ, ಉಜ್ಜಿ, ಮತ್ತೆ ಕಚ್ಚಿಸಿ ನೋಡಬೇಕು.

ಆದರೆ ಮೈ ತಾಗಿದಾಗ ಜುಮ್ಮೆಂದರೆ, ಬ್ರೇಕರ್ ಎರಡನೆಯ ಸಲ ಬಿದ್ದರೆ, ಕವಚದೊಳಗಿಂದ ಸುಟ್ಟ ವಾಸನೆ ಬಂದರೆ ವೆಲ್ಡರ್ ಹುಡುಕಬೇಕಾದದ್ದು ಏನೂ ಇಲ್ಲ. ಮೇನ್ ಸ್ವಿಚ್ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ, ಯಂತ್ರಕ್ಕೆ "ಬಳಸಬೇಡಿ" ಎಂಬ ಚೀಟಿ ಕಟ್ಟಿ, ಸ್ವಿಚ್ಚಿಗೆ ಬೀಗ ಹಾಕಬೇಕು. ಆ ಬೀಗದ ಕೈ ರಿಪೇರಿ ಮಾಡುವವರ ಜೇಬಿನಲ್ಲೇ ಇರಬೇಕು.